ಡಮ್ಮಿ ಲೋಡ್ ಇದ್ದರೂ ಸಿಗ್ನಲ್ ಹೊರಗೆ ಹೋಗುತ್ತಿದೆಯೇ? ಸೋರಿಕೆ ಹುಡುಕುವ ಕ್ರಮ

ಡಮ್ಮಿ ಲೋಡ್ ಹಾಕಿಕೊಂಡು ಟ್ರಾನ್ಸ್‌ಮಿಟರ್ ಪರೀಕ್ಷೆ ಮಾಡುವುದೇ ಬೇರೆಯವರಿಗೆ ತೊಂದರೆ ಆಗಬಾರದು ಅಂತ. ಆಂಟೆನಾ ಇರಬೇಕಾದ ಜಾಗದಲ್ಲಿ 50 ಓಮ್‌ನ ರೆಸಿಸ್ಟರ್ ಕೂರುತ್ತದೆ. ಪವರ್ ಎಲ್ಲ ಅದರಲ್ಲೇ ಶಾಖವಾಗಿ ಮುಗಿಯಬೇಕು. ಆದರೂ ಕೆಲವೊಮ್ಮೆ ಊರಿನ ಇನ್ನೊಂದು ಬದಿಯಿಂದ ಫೋನ್ ಬರುತ್ತದೆ: "ಸಾರ್, ನಿಮ್ಮ ಟೆಸ್ಟಿಂಗ್ ಪೂರ್ತಿ ಕೇಳಿಸ್ತಾ ಇದೆ." ಮೀಟರ್ ನೋಡಿದರೆ ಎಸ್‌ಡಬ್ಲ್ಯುಆರ್ (ಲೋಡ್‌ನಿಂದ ಪವರ್ ವಾಪಸ್ ಬರುತ್ತಿದೆಯೇ ಎಂದು ತೋರಿಸುವ ಅಳತೆ) ಒಂದಕ್ಕೆ ಒಂದು, ಅಂದರೆ ಏನೂ ವಾಪಸ್ ಬರುತ್ತಿಲ್ಲ. ಲೋಡ್ ಬಿಸಿಯೂ ಆಗುತ್ತಿದೆ. ಹಾಗಾದರೆ ಸಿಗ್ನಲ್ ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ?

ಹಾಸನ, ಚಿಕ್ಕಮಗಳೂರು ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರ ಮನೆಗಳಲ್ಲಿ ಇಂಥ ಸೋರಿಕೆ ಹುಡುಕುವಾಗ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ಎಲ್ಲರೂ ಮೊದಲು ಬೈಯುವುದು ಲೋಡನ್ನು. ಹೊಸ ಲೋಡ್ ತರುತ್ತಾರೆ, ಸೋರಿಕೆ ಹಾಗೇ ಉಳಿಯುತ್ತದೆ. ಬಹಳ ಸಲ ಲೋಡ್ ಚೆನ್ನಾಗಿಯೇ ಇರುತ್ತದೆ. ತಪ್ಪು ಇರುವುದು ರೇಡಿಯೋದಿಂದ ಲೋಡ್‌ವರೆಗಿನ ದಾರಿಯಲ್ಲಿ. ಆ ದಾರಿಯನ್ನು ತುಂಡು ತುಂಡಾಗಿ ಪರೀಕ್ಷೆ ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಎಷ್ಟು ಕೇಳಿಸಿದರೆ ದೋಷ?

ಪೂರ್ತಿ ನಿಶ್ಶಬ್ದವಾದ ಡಮ್ಮಿ ಲೋಡ್ ಎಂಬುದು ಇಲ್ಲ. ಪಕ್ಕದ ರೂಮಿನಲ್ಲಿಟ್ಟ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ರೇಡಿಯೋದಲ್ಲಿ) ನಿಮ್ಮ ದನಿ ಕೇಳಿಸಿದರೆ ಗಾಬರಿ ಬೇಡ. ಅದು ಸಹಜ.

ಕಾರಣ ಇಷ್ಟೇ: ರಿಸೀವರ್‌ನ ಕಿವಿ ತುಂಬ ಚುರುಕು. ಹಾಸನದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೇ ಊರಿನಲ್ಲಿದೆ. ಅಷ್ಟು ದೂರದಿಂದ ಬರುವ ಸಿಗ್ನಲ್ ಎಷ್ಟು ಚಿಕ್ಕದಿರಬಹುದು ಯೋಚಿಸಿ.

ನಮ್ಮ ಬ್ಯಾಂಡ್‌ನ ಲೆಕ್ಕ ನೋಡೋಣ. 25 ವಾಟ್‌ನ, 2 ಮೀಟರ್ ಬ್ಯಾಂಡ್‌ನ (145 ಮೆಗಾಹರ್ಟ್ಸ್ ಆಸುಪಾಸಿನ) ರೇಡಿಯೋ ಇದೆ. ಅದರಲ್ಲಿ ಒಂದೇ ಒಂದು ಮಿಲಿವಾಟ್, ಅಂದರೆ 25 ಸಾವಿರದಲ್ಲಿ ಒಂದು ಪಾಲು, ತಪ್ಪಿಸಿಕೊಂಡು ತಾರಸಿಯ ಆಂಟೆನಾಗೆ ಸೇರಿತು ಎಂದಿಟ್ಟುಕೊಳ್ಳಿ. ಹಾಸನದಿಂದ ಮುಳ್ಳಯ್ಯನಗಿರಿ ನೇರ ಗೆರೆಯಲ್ಲಿ ಸುಮಾರು 60 ಕಿಲೋಮೀಟರ್. ನಡುವೆ ಅಡ್ಡ ಏನೂ ಇಲ್ಲದಿದ್ದರೆ 145 ಮೆಗಾಹರ್ಟ್ಸ್‌ನಲ್ಲಿ ಆ ದೂರದ ನಷ್ಟ ಸುಮಾರು 111 ಡೆಸಿಬೆಲ್ (ಪ್ರತಿ 10 ಡೆಸಿಬೆಲ್‌ಗೆ ಪವರ್ ಹತ್ತರಲ್ಲೊಂದು ಪಾಲಾಗುತ್ತದೆ). ಎರಡೂ ಕಡೆ ಸಾದಾ ವರ್ಟಿಕಲ್ ಆಂಟೆನಾ ಇದ್ದರೆ ಬೆಟ್ಟದ ಮೇಲಿನ ರಿಸೀವರ್‌ಗೆ ಸಿಗುವುದು ಸುಮಾರು ಮೈನಸ್ 107 ಡಿಬಿಎಂ (ಒಂದು ಮಿಲಿವಾಟ್‌ಗಿಂತ 107 ಡೆಸಿಬೆಲ್ ಕಡಿಮೆ). ಸಾಧಾರಣ ಹ್ಯಾಂಡಿ ಮೈನಸ್ 120ರ ಆಸುಪಾಸಿನದನ್ನೂ ಹಿಡಿಯುತ್ತದೆ. ಅಂದರೆ ಆ ಒಂದು ಮಿಲಿವಾಟ್ ಬೆಟ್ಟದ ತುದಿಯಲ್ಲಿ ಆರಾಮಾಗಿ ಕೇಳಿಸುತ್ತದೆ!

ಎಚ್‌ಎಫ್‌ನಲ್ಲೂ (3ರಿಂದ 30 ಮೆಗಾಹರ್ಟ್ಸ್) ಹೀಗೆಯೇ. 100 ವಾಟ್‌ನಲ್ಲಿ 80 ಡೆಸಿಬೆಲ್ ತಡೆದರೂ ಒಂದು ಮೈಕ್ರೋವಾಟ್ ಉಳಿಯುತ್ತದೆ. ಅದು ಒಳ್ಳೆಯ ಆಂಟೆನಾದಿಂದ ಹೊರಟರೆ 7 ಮೆಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ಆಚೆ ಸುಮಾರು ಮೈನಸ್ 79 ಡಿಬಿಎಂ ಆಗುತ್ತದೆ. ಸಿಗ್ನಲ್‌ನ ಬಲ ತೋರಿಸುವ ಎಸ್‌-ಮೀಟರ್‌ನಲ್ಲಿ ಅದು ಎಸ್‌8. ಇದು ಕಾಗದದ ಲೆಕ್ಕ. ಊರೊಳಗೆ ಗೋಡೆ, ಮರ, ತಗಡು ಎಲ್ಲ ಸೇರಿ ಸಾಕಷ್ಟು ತಿಂದು ಹಾಕುತ್ತವೆ. ಸೋರುವ ತಂತಿಯೂ ಒಳ್ಳೆಯ ಆಂಟೆನಾ ಅಲ್ಲ.

ಹಾಗಾಗಿ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಮನೆಯೊಳಗೆ, ಅಂಗಳದಲ್ಲಿ ಕೇಳಿಸಿದರೆ ಸಹಜ. ರಸ್ತೆಯ ಕೊನೆಯವರೆಗೂ ಸ್ವಚ್ಛವಾಗಿ ಕೇಳಿಸಿದರೆ ಅನುಮಾನ ಪಡಬೇಕು. ಪಕ್ಕದ ಬಡಾವಣೆಯಲ್ಲಿ ಮನೆಯೊಳಗೆ ಕೂತವರಿಗೂ ಕೇಳಿಸಿದರೆ ದೋಷ ಖಂಡಿತ ಇದೆ.

ಎಸ್‌ಡಬ್ಲ್ಯುಆರ್ ಮೀಟರನ್ನು ಕೇಳಬೇಡಿ

ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಲೈನ್ ಎಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೋಟಾರ್ ಪಕ್ಕದ ಪ್ರೆಶರ್ ಗೇಜ್ ಸರಿಯಾಗೇ ತೋರಿಸುತ್ತದೆ, ಆದರೂ ದೂರದ ಒಂದು ಜಾಯಿಂಟ್‌ನಲ್ಲಿ ಸಣ್ಣಗೆ ನೀರು ಜಿನುಗುತ್ತಿರುತ್ತದೆ. ಅಷ್ಟು ಸಣ್ಣ ಸೋರಿಕೆಗೆ ಗೇಜಿನ ಮುಳ್ಳು ಅಲ್ಲಾಡುವುದಿಲ್ಲ. ಎಸ್‌ಡಬ್ಲ್ಯುಆರ್ ಮೀಟರ್ ಕೂಡ ಹೀಗೆಯೇ. ಅದು ಹೇಳುವುದು ಲೋಡ್‌ನಿಂದ ಎಷ್ಟು ವಾಪಸ್ ಬಂತು ಎಂಬುದನ್ನು ಮಾತ್ರ. ಎಷ್ಟು ಹೊರಗೆ ಹೋಯಿತು ಎಂದು ಅದಕ್ಕೆ ಗೊತ್ತಿಲ್ಲ. 25 ವಾಟ್‌ನಲ್ಲಿ ಒಂದು ಮಿಲಿವಾಟ್ ಕಾಣೆಯಾದರೆ ಯಾವ ಮೀಟರ್ ಕಂಡುಹಿಡಿದೀತು?

ಆದ್ದರಿಂದ ಈ ಕೆಲಸಕ್ಕೆ ಬೇಕಿರುವುದು ಹೊರಗಡೆ ಇಟ್ಟ ಒಂದು ರಿಸೀವರ್. ಎಸ್‌-ಮೀಟರ್ ಇರುವ ಎಚ್‌ಎಫ್ ಸೆಟ್, ಹ್ಯಾಂಡಿ, ಅಥವಾ ಲ್ಯಾಪ್‌ಟಾಪ್‌ಗೆ ಹಾಕುವ ಸಾದಾ ಆರ್‌ಟಿಎಲ್‌-ಎಸ್‌ಡಿಆರ್ ಡಾಂಗಲ್ (ಚಿಕ್ಕ ಯುಎಸ್‌ಬಿ ರಿಸೀವರ್). ಡಾಂಗಲ್ ಇದ್ದರೆ ಬಹಳ ಒಳ್ಳೆಯದು, ಒಂದೆರಡು ಡೆಸಿಬೆಲ್ ವ್ಯತ್ಯಾಸವೂ ಪರದೆ ಮೇಲೆ ಕಾಣುತ್ತದೆ.

ಒಂದು ಎಚ್ಚರಿಕೆ. ರಿಸೀವರನ್ನು ತೀರಾ ಹತ್ತಿರ ಇಡಬೇಡಿ. ಸಿಗ್ನಲ್ ಜೋರಾದರೆ ರಿಸೀವರ್ ತುಂಬಿಹೋಗುತ್ತದೆ. ಆಗ ನೀವು ಏನು ಬದಲಿಸಿದರೂ ಮೀಟರ್ ಅಲ್ಲೇ ನಿಂತಿರುತ್ತದೆ. ಹ್ಯಾಂಡಿಯ ಗೆರೆಗಳಂತೂ ಬೇಗ ತುಂಬಿಬಿಡುತ್ತವೆ. ದೂರ ಹೋಗಿ, ಇಲ್ಲವೇ ಆಂಟೆನಾ ಬಿಚ್ಚಿ ಚಿಕ್ಕ ತಂತಿ ಚೂರು ಸಿಕ್ಕಿಸಿ, ಇಲ್ಲವೇ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಅದೂ ಇಲ್ಲದಿದ್ದರೆ ಫ್ರೀಕ್ವೆನ್ಸಿಯನ್ನು 5-10 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿಸಿ ಕೇಳಿ. ಮೀಟರ್ ಅರ್ಧದಲ್ಲಿ ನಿಲ್ಲುವಂತೆ ಮಾಡಿಕೊಂಡ ಮೇಲೇ ಕೆಲಸ ಶುರು.

ಪ್ರಸಾರ ಮಾಡದೆಯೇ ಮೊದಲ ಪರೀಕ್ಷೆ

ಈ ಪರೀಕ್ಷೆ ನನಗೆ ತುಂಬ ಇಷ್ಟ. ಯಾರಿಗೂ ತೊಂದರೆ ಇಲ್ಲ, ಪಿಟಿಟಿ (ಪ್ರಸಾರದ ಗುಂಡಿ) ಒತ್ತುವ ಅಗತ್ಯವೇ ಇಲ್ಲ.

ಸಿಗ್ನಲ್ ಹೊರಗೆ ಹೋಗುವ ದಾರಿಯಲ್ಲೇ ಒಳಗೂ ಬರುತ್ತದೆ. ಲೋಡ್ ಹಾಕಿದಾಗ ನಿಮ್ಮ ರೇಡಿಯೋಗೆ ಏನೂ ಕೇಳಿಸಬಾರದು. ಏನಾದರೂ ಕೇಳಿಸಿದರೆ ಅದು ಬಂದ ದಾರಿಯೇ ಸೋರಿಕೆಯ ದಾರಿ.

ಮೈಕ್ ಬಿಚ್ಚಿಡಿ. ಇದು ಮುಖ್ಯ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಆಂಟೆನಾ ಹಾಕಿ 7.2 ಮೆಗಾಹರ್ಟ್ಸ್‌ಗಿಂತ ಮೇಲೆ ಶಾರ್ಟ್‌ವೇವ್ ಸ್ಟೇಷನ್‌ಗಳು ಇರುವ ಕಡೆಗೆ ಟ್ಯೂನ್ ಮಾಡಿ. ಜೋರಾಗಿ ಬರುವ ಒಂದನ್ನು ಆರಿಸಿಕೊಂಡು ಎಸ್‌-ಮೀಟರ್ ಬರೆದಿಟ್ಟುಕೊಳ್ಳಿ. ಈಗ ಆಂಟೆನಾ ಕೇಬಲ್ ಬಿಚ್ಚಿ ರೂಮಿನ ಆಚೆ ಹಾಕಿ. ರೇಡಿಯೋದ ಸಾಕೆಟ್‌ಗೆ ನೇರವಾಗಿ ಒಂದು ಚಿಕ್ಕ 50 ಓಮ್ ಟರ್ಮಿನೇಟರ್ (ಕನೆಕ್ಟರ್‌ನೊಳಗೇ ಕೂತ ರೆಸಿಸ್ಟರ್) ಹಾಕಿ. ಸ್ಟೇಷನ್ ಪೂರ್ತಿ ಮಾಯವಾಗಬೇಕು. ಆಗಲಿಲ್ಲವಾದರೆ ಸೋರುತ್ತಿರುವುದು ರೇಡಿಯೋದ ಮೈ ಅಥವಾ ಅದರ ಪವರ್ ತಂತಿ. ಕೇಬಲನ್ನೂ ಲೋಡನ್ನೂ ಬೈದು ಪ್ರಯೋಜನ ಇಲ್ಲ.

ಮಾಯವಾಯಿತು ಅನ್ನಿ. ಟರ್ಮಿನೇಟರ್ ತೆಗೆದು ಡಮ್ಮಿ ಲೋಡನ್ನು ಕೇಬಲ್ ಇಲ್ಲದೆ, ಒಂದು ಅಡಾಪ್ಟರ್ ಮೂಲಕ ನೇರ ರೇಡಿಯೋಗೇ ಸೇರಿಸಿ. ಕೇಳಿ. ಆಮೇಲೆ ನಡುವೆ ಕೇಬಲ್ ಸೇರಿಸಿ. ಕೇಳಿ. ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್. ಆಮೇಲೆ ಲೋಡ್ ಕಡೆಗೆ ತಿರುಗಿಸಿದ ಆಂಟೆನಾ ಸ್ವಿಚ್. ಕೊನೆಗೆ ಸ್ವಿಚ್‌ನ ಇನ್ನೊಂದು ಕಡೆಗೆ ಆಂಟೆನಾ ಕೇಬಲ್. ಪ್ರತಿ ಸಲ ಒಂದೇ ಒಂದು ವಸ್ತು ಸೇರಬೇಕು. ಯಾವುದನ್ನು ಸೇರಿಸಿದಾಗ ಸ್ಟೇಷನ್ ಮತ್ತೆ ಕೇಳಿಸಿತೋ ಅದೇ ಕಳ್ಳ.

ಮೈಕ್ ಬಿಚ್ಚಲು ಹೇಳಿದ್ದು ಇದಕ್ಕೆ: ಆ ಚಿಕ್ಕ ಟರ್ಮಿನೇಟರ್ ತಡೆಯುವುದು ಅರ್ಧ ವಾಟೋ ಒಂದು ವಾಟೋ ಅಷ್ಟೇ. ಅಪ್ಪಿತಪ್ಪಿ ಪ್ರಸಾರ ಮಾಡಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಜೊತೆಗೆ ರೇಡಿಯೋದ ಫೈನಲ್ ಟ್ರಾನ್ಸಿಸ್ಟರ್‌ಗೂ ಅಪಾಯ.

2 ಮೀಟರ್ ಬ್ಯಾಂಡ್‌ನಲ್ಲಿ ಇಂಥ ಜೋರಾದ ಸ್ಟೇಷನ್ ಸಿಗುವುದಿಲ್ಲ. ಅಲ್ಲಿ ಗೆಳೆಯರೊಬ್ಬರ ಸಹಾಯ ಬೇಕು. ಕೆಲವು ನೂರು ಮೀಟರ್ ಆಚೆಯಿಂದ ಅವರು ಕಡಿಮೆ ಪವರ್‌ನಲ್ಲಿ, ಖಾಲಿ ಫ್ರೀಕ್ವೆನ್ಸಿಯಲ್ಲಿ, ತಮ್ಮ ಕಾಲ್‌ಸೈನ್ (ಲೈಸೆನ್ಸ್‌ನ ಗುರುತಿನ ಹೆಸರು) ಹೇಳಿ ಪ್ರಸಾರ ಮಾಡಲಿ. ನೀವು ಲೋಡ್ ಹಾಕಿಕೊಂಡು ಕೇಳಿ. ಮಿಕ್ಕಿದ್ದೆಲ್ಲ ಮೇಲಿನ ಕ್ರಮದಲ್ಲೇ.

ಮೊದಲ ಅನುಮಾನ ಆಂಟೆನಾ ಸ್ವಿಚ್ ಮೇಲೆ

ಮೇಲಿನ ಪರೀಕ್ಷೆಯನ್ನು ಹತ್ತು ಕಡೆ ಮಾಡಿದರೆ ಬಹುಪಾಲು ಕಡೆ ಸಿಕ್ಕಿಬೀಳುವುದು ಇದೇ. ಸ್ವಿಚ್‌ನ ಒಂದು ಕಡೆ ಲೋಡ್, ಇನ್ನೊಂದು ಕಡೆ ತಾರಸಿಯ ಆಂಟೆನಾ. ಹಿಡಿ ತಿರುಗಿಸಿದರೆ ಆಂಟೆನಾ ಬೇರೆಯಾಯಿತು ಎಂದು ನಾವು ನಂಬುತ್ತೇವೆ. ಆದರೆ ಒಳಗೆ ಎರಡು ಸಂಪರ್ಕಗಳ ನಡುವೆ ಇರುವುದು ಒಂದಿಷ್ಟು ಗಾಳಿ ಅಷ್ಟೇ. ಆರ್‌ಎಫ್‌ಗೆ (ರೇಡಿಯೋ ಫ್ರೀಕ್ವೆನ್ಸಿಯ ಕರೆಂಟ್‌ಗೆ) ಅದು ಒಂದು ಚಿಕ್ಕ ಕೆಪಾಸಿಟರ್. ಫ್ರೀಕ್ವೆನ್ಸಿ ಜಾಸ್ತಿಯಾದಷ್ಟೂ ಅದರ ಮೂಲಕ ಜಾಸ್ತಿ ದಾಟುತ್ತದೆ.

ಒಳ್ಳೆಯ ಸ್ವಿಚ್ ಎಚ್‌ಎಫ್‌ನಲ್ಲಿ 60 ಡೆಸಿಬೆಲ್ ತಡೆಯಬಹುದು. ಅದೇ ಸ್ವಿಚ್ 145 ಮೆಗಾಹರ್ಟ್ಸ್‌ನಲ್ಲಿ ಅಷ್ಟು ತಡೆಯುವುದಿಲ್ಲ. 40 ಡೆಸಿಬೆಲ್ ತಡೆಯಿತು ಎಂದುಕೊಳ್ಳಿ. 25 ವಾಟ್‌ನಲ್ಲಿ ಎರಡೂವರೆ ಮಿಲಿವಾಟ್ ಸೀದಾ ತಾರಸಿಗೆ ಹೋಯಿತು. ಮುಳ್ಳಯ್ಯನಗಿರಿಯ ಲೆಕ್ಕಕ್ಕೆ ಒಂದು ಮಿಲಿವಾಟ್ ಸಾಕಾಗಿತ್ತು. ಇಲ್ಲಿ ಅದರ ಎರಡೂವರೆ ಪಟ್ಟು! ಸೋರಿಕೆ ಚಿಕ್ಕದೇ. ಆದರೆ ಅದರ ಕೈಗೆ ಎತ್ತರದಲ್ಲಿರುವ, ಸರಿಯಾಗಿ ಟ್ಯೂನ್ ಆದ ಆಂಟೆನಾ ಸಿಕ್ಕಿಬಿಟ್ಟಿದೆ. ತೊಂದರೆ ಅಲ್ಲಿದೆ.

ಸಕಲೇಶಪುರದ ಕಡೆಯ ಒಂದು ಎಸ್ಟೇಟ್ ಮನೆಯಲ್ಲಿ ಇದನ್ನೇ ನೋಡಿದ್ದೇವೆ. ಮನೆಯ ಯಜಮಾನರು ಲೋಡ್ ಬದಲಿಸಿದ್ದರು, ಕೇಬಲ್ ಬದಲಿಸಿದ್ದರು. ದೂರದ ಗೆಳೆಯರಿಗೆ ಕೇಳಿಸುವುದು ಮಾತ್ರ ನಿಂತಿರಲಿಲ್ಲ.

"ಅಣ್ಣಾ, ಆಂಟೆನಾ ಕೇಬಲ್ ಒಂದ್ಸಲ ಸ್ವಿಚ್ಚಿಂದ ಪೂರ್ತಿ ಬಿಚ್ಚಿ ನೋಡೋಣ್ವಾ?"

"ಸ್ವಿಚ್ ಲೋಡ್ ಕಡೆಗೇ ಇದೆಯಲ್ಲಪ್ಪ, ಬಿಚ್ಚಿದ್ರೆ ಏನು ವ್ಯತ್ಯಾಸ?"

ಬಿಚ್ಚಿದ ಕೂಡಲೇ ದೂರದವರಿಗೆ ಕೇಳಿಸುವುದು ನಿಂತಿತು. ಕನೆಕ್ಟರನ್ನು ಮತ್ತೆ ತಿರುಗಿಸಿದರೆ ಮತ್ತೆ ಬಂತು. ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ, ಅಲ್ವಾ?

ಪರಿಹಾರ ಸುಲಭ. ಡಮ್ಮಿ ಲೋಡ್ ಮೇಲೆ ಪರೀಕ್ಷೆ ಮಾಡುವಾಗ ಆಂಟೆನಾ ಕೇಬಲ್ ಬಿಚ್ಚಿ. ಬಿಚ್ಚಿ ಸ್ವಿಚ್ ಪಕ್ಕದಲ್ಲೇ ನೇತುಹಾಕಬೇಡಿ, ಒಂದು ಮಾರು ದೂರ ಇಡಿ. ಪದೇ ಪದೇ ಬಿಚ್ಚುವುದು ಕಷ್ಟ ಎನ್ನುವವರು ಬಳಸದ ಕಡೆಯನ್ನು ತಾನೇ ಅರ್ಥ್‌ಗೆ ಸೇರಿಸುವ ಬಗೆಯ ಸ್ವಿಚ್ ಕೊಳ್ಳಿ. ಮಲೆನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಿಂಚಿಗೆ ಹೆದರಿ ಹೇಗೂ ಕೇಬಲ್ ಬಿಚ್ಚಿಡುತ್ತೇವೆ. ಅದೇ ರೂಢಿಯನ್ನು ಟೆಸ್ಟಿಂಗ್‌ಗೂ ತಂದುಕೊಂಡರೆ ಆಯಿತು.

ಇನ್ನೊಂದು ಮಾತು. ಲೋಡ್‌ನ ಕೇಬಲ್ ಮತ್ತು ಆಂಟೆನಾದ ಕೇಬಲ್ ಎರಡನ್ನೂ ಒಟ್ಟಿಗೆ ಟೈ ಹಾಕಿ ಕಟ್ಟುವುದು ನೋಡಲು ಅಚ್ಚುಕಟ್ಟು. ಆದರೆ ಒಂದರ ಹೊರಮೈಯಲ್ಲಿ ಕರೆಂಟ್ ಇದ್ದರೆ ಇನ್ನೊಂದಕ್ಕೂ ಹತ್ತುತ್ತದೆ. ಬೇರೆ ಬೇರೆ ಎಳೆಯಿರಿ.

ಕೇಬಲ್ ಆಂಟೆನಾ ಆಗುವುದು ಹೇಗೆ

ಸ್ವಿಚ್ ತೆಗೆದರೂ ಸೋರಿಕೆ ಇದೆ ಅಂದರೆ ಕೇಬಲ್ ಕಡೆ ಬನ್ನಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಇದು ಅರ್ಥವಾದರೆ ಮಿಕ್ಕ ಎಲ್ಲ ಪರೀಕ್ಷೆಗಳೂ ತಾವೇ ಅರ್ಥವಾಗುತ್ತವೆ.

ಕೋಯಾಕ್ಸಿಯಲ್ ಕೇಬಲ್‌ನಲ್ಲಿ ನಮಗೆ ಕಾಣುವುದು ಎರಡು ವಾಹಕ: ನಡುವಿನ ತಂತಿ, ಸುತ್ತಲಿನ ಬ್ರೇಡ್ (ಹೆಣೆದ ತಂತಿಗಳ ಜಾಲರಿ). ಆರ್‌ಎಫ್‌ಗೆ ಮಾತ್ರ ಅದು ಮೂರು. ಯಾಕೆಂದರೆ ಆರ್‌ಎಫ್ ಕರೆಂಟ್ ತಾಮ್ರದ ಆಳಕ್ಕೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಹರಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಆ ಪದರದ ದಪ್ಪ ಸುಮಾರು 25 ಮೈಕ್ರಾನ್. 145 ಮೆಗಾಹರ್ಟ್ಸ್‌ನಲ್ಲಿ ಐದೂವರೆ ಮೈಕ್ರಾನ್ ಅಷ್ಟೇ. ಹೀಗಾಗಿ ಬ್ರೇಡ್‌ನ ಒಳಮೈ ಒಂದು ವಾಹಕ, ಹೊರಮೈ ಇನ್ನೊಂದು ವಾಹಕ. ಒಳಮೈಯಲ್ಲಿ ಹರಿಯುವುದು ನಮ್ಮ ಸಿಗ್ನಲ್. ಅದು ಹೊರಗೆ ಕಾಣುವುದಿಲ್ಲ. ಹೊರಮೈಯಲ್ಲಿ ಏನಾದರೂ ಹರಿದರೆ ಅದು ಪ್ರಸಾರವೇ. ಯಾಕೆಂದರೆ ಹೊರಮೈ ಒಂದು ಸಾದಾ ತಂತಿ.

ಒಳಗಿನದು ಹೊರಗೆ ಬರುವುದು ಎಲ್ಲಿ? ಮುಖ್ಯವಾಗಿ ತುದಿಯಲ್ಲಿ. ಬ್ರೇಡನ್ನು ಸುತ್ತಲೂ ಕನೆಕ್ಟರ್‌ಗೆ ಸೇರಿಸದೆ, ಬಿಡಿಸಿ, ತಿರುಚಿ, ಜುಟ್ಟು ಮಾಡಿ ಒಂದು ಕಡೆ ಬೆಸುಗೆ ಹಾಕಿರುತ್ತಾರೆ. ಮನೆಯಲ್ಲಿ ಮಾಡಿದ ಲೋಡ್‌ಗಳಲ್ಲಿ ಇದು ಮಾಮೂಲು. ಐದು ಸೆಂಟಿಮೀಟರ್‌ನ ಆ ಜುಟ್ಟಿಗೆ ಸುಮಾರು 50 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅದು ಎರಡು ಓಮ್ ಚಿಲ್ಲರೆ, ಅಷ್ಟೇನೂ ತೊಂದರೆ ಇಲ್ಲ. 145ರಲ್ಲಿ ಅದೇ ಜುಟ್ಟು 45 ಓಮ್! ಹೆಚ್ಚು ಕಡಿಮೆ ಲೋಡ್‌ನಷ್ಟೇ ಆಯಿತು. 50 ಓಮ್‌ಗೆ 25 ವಾಟ್ ಕೊಟ್ಟಾಗ ಹರಿಯುವ ಕರೆಂಟ್ 0.7 ಆಂಪಿಯರ್. ಅಷ್ಟು ಕರೆಂಟ್ ಆ ಜುಟ್ಟಿನಲ್ಲಿ ಹರಿದರೆ ಅದರ ಎರಡು ತುದಿಗಳ ನಡುವೆ 30 ವೋಲ್ಟ್‌ಗೂ ಜಾಸ್ತಿ ನಿಲ್ಲುತ್ತದೆ. ಆ ವೋಲ್ಟೇಜ್ ಕೇಬಲ್‌ನ ಹೊರಮೈಗೆ ಫೀಡ್ ಆಗುತ್ತದೆ. 145 ಮೆಗಾಹರ್ಟ್ಸ್‌ನ ಕಾಲು ತರಂಗ ಸುಮಾರು ಅರ್ಧ ಮೀಟರ್. ಲೋಡ್‌ಗೆ ನಾವು ಹಾಕುವ ಕೇಬಲ್ ಕೂಡ ಬಹಳ ಸಲ ಅಷ್ಟೇ ಉದ್ದ, ಇಲ್ಲವೇ ಅದರ ಎರಡು ಪಟ್ಟು. ನಾವು ಗೊತ್ತಿಲ್ಲದೆ ಒಂದು ಆಂಟೆನಾ ಕಟ್ಟಿಟ್ಟಂತಾಯಿತು.

ಎಚ್‌ಎಫ್‌ನಲ್ಲಿ ಶಾಂತವಾಗಿದ್ದ ಲೋಡ್ ವಿಎಚ್‌ಎಫ್‌ನಲ್ಲಿ (2 ಮೀಟರ್‌ನಂಥ ಎತ್ತರದ ಫ್ರೀಕ್ವೆನ್ಸಿಗಳಲ್ಲಿ) ಯಾಕೆ ಕಿರುಚುತ್ತದೆ ಎಂಬುದಕ್ಕೂ ಇದೇ ಉತ್ತರ.

ಹೊರಮೈಯಲ್ಲಿ ಕರೆಂಟ್ ಇದೆಯೇ ಎಂದು ತಿಳಿಯಲು ಕೈ ಸಾಕು. ಪವರನ್ನು 5 ವಾಟ್‌ಗೆ ಇಳಿಸಿ, ಕಾಲ್‌ಸೈನ್ ಹೇಳಿ ಪ್ರಸಾರ ಮಾಡಿ. ಇನ್ನೊಬ್ಬರು ಹೊರಗಿನ ರಿಸೀವರ್ ನೋಡುತ್ತಿರಲಿ. ಪ್ಲಾಸ್ಟಿಕ್ ಹೊದಿಕೆ ಇರುವ ಜಾಗದಲ್ಲಿ ಕೇಬಲನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಉದ್ದಕ್ಕೂ ಸರಿಸಿ. ಕನೆಕ್ಟರ್, ಬರಿ ತಾಮ್ರ ಮುಟ್ಟಬೇಡಿ. ಕೈ ಸರಿದ ಹಾಗೆ ಅಲ್ಲಿ ಮೀಟರ್ ಏರಿಳಿದರೆ ಹೊರಮೈಯಲ್ಲಿ ಕರೆಂಟ್ ಇದೆ ಎಂದೇ ಅರ್ಥ. ಸರಿಯಾದ ಕೇಬಲನ್ನು ಎಲ್ಲಿ ಹಿಡಿದರೂ ಏನೂ ಬದಲಾಗಬಾರದು.

ಎರಡನೆಯ ಪರೀಕ್ಷೆ ಫೆರೈಟ್, ಅಂದರೆ ಕೇಬಲ್ ಹೊರಮೈಯ ಕರೆಂಟನ್ನು ತಡೆಯುವ ಕಾಂತೀಯ ವಸ್ತು. ಕೇಬಲ್ ಮೇಲೆ ಕ್ಲಿಪ್ ಆಗುವ ಫೆರೈಟ್ ತುಂಡುಗಳನ್ನು ಲೋಡ್ ಪಕ್ಕದಲ್ಲೇ ನಾಲ್ಕೈದು ಸಾಲಾಗಿ ಹಾಕಿ. 2 ಮೀಟರ್‌ಗೆ 43ನೇ ಮಿಕ್ಸ್ (ಫೆರೈಟ್‌ನ ಒಂದು ಬಗೆ) ಚೆನ್ನಾಗಿ ಕೆಲಸ ಮಾಡುತ್ತದೆ. ಎಚ್‌ಎಫ್‌ಗೆ 31ನೇ ಮಿಕ್ಸ್‌ನ 2.4 ಇಂಚಿನ ಉಂಗುರ ತೆಗೆದುಕೊಂಡು ಕೇಬಲನ್ನು ಹತ್ತು ಹನ್ನೆರಡು ಸುತ್ತು ಸುತ್ತಬೇಕು. ಕ್ಲಿಪ್ ಒಂದೆರಡು ಹಾಕಿದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಆಗುವುದಿಲ್ಲ. ಫೆರೈಟ್ ಹಾಕಿದಾಗ ಹೊರಗಿನ ಸಿಗ್ನಲ್ ಇಳಿದರೆ ಪ್ರಸಾರ ಮಾಡುತ್ತಿದ್ದದ್ದು ಕೇಬಲ್. ಇಳಿಯಲಿಲ್ಲವಾದರೆ ಲೋಡ್‌ನ ಡಬ್ಬ ಅಥವಾ ರೇಡಿಯೋವನ್ನೇ ನೋಡಬೇಕು.

ಇಳಿಯಿತು ಅಂತ ಫೆರೈಟ್ ಅಲ್ಲೇ ಬಿಟ್ಟು ಕೆಲಸ ಮುಗಿಸಬೇಡಿ. ಅದು ಲಕ್ಷಣವನ್ನು ಅದುಮುತ್ತದೆ ಅಷ್ಟೇ. ಜುಟ್ಟು ತೆಗೆದು, ಬ್ರೇಡನ್ನು ಸುತ್ತಲೂ ಕನೆಕ್ಟರ್‌ಗೆ ಸೇರಿಸಿ. ಆಮೇಲೆ ಬೇಕಾದರೆ ಫೆರೈಟ್ ಇರಲಿ.

ಬ್ರೇಡ್‌ನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಒಳ್ಳೆಯ ಆರ್‌ಜಿ-58ನಲ್ಲಿ ಬ್ರೇಡ್ 95 ಶೇಕಡಾದಷ್ಟು ಮುಚ್ಚಿರುತ್ತದೆ. ಅಗ್ಗದ ಕೇಬಲ್‌ನ ಹೊದಿಕೆ ಸೀಳಿ ನೋಡಿ, ಎಳೆಗಳ ನಡುವೆ ಒಳಗಿನ ಬಿಳಿ ಪ್ಲಾಸ್ಟಿಕ್ ಢಾಳಾಗಿ ಕಾಣುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಒಂದು ಚೂರು ಕತ್ತರಿಸಿ ತೋರಿಸಲು ಹೇಳಿ, ನೋಡಿಯೇ ಕೊಳ್ಳಿ. ಕೇಬಲ್ ಟಿವಿಯವರು ಬಿಟ್ಟುಹೋದ ಆರ್‌ಜಿ-6 ಬಳಸುವವರೂ ಇದ್ದಾರೆ. ಅದರಲ್ಲಿ ಫಾಯಿಲ್ ಮತ್ತು ಬ್ರೇಡ್ ಎರಡೂ ಇರುವುದರಿಂದ ಮರೆ ಚೆನ್ನಾಗಿಯೇ ಇದೆ. ಆದರೆ 75 ಓಮ್ ಆದ್ದರಿಂದ ಕೇಬಲ್ ಉದ್ದಕ್ಕೆ ತಕ್ಕ ಹಾಗೆ ಎಸ್‌ಡಬ್ಲ್ಯುಆರ್ ಎರಡೂಕಾಲುವರೆಗೆ ತೋರಿಸಬಹುದು. ಬ್ರೇಡ್ ಅಲ್ಯೂಮಿನಿಯಂ, ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಹಿಡಿದ ಹಾಗೆ ಕಂಡರೂ ಹಿಡಿದಿರುವುದಿಲ್ಲ. ಅದಕ್ಕೆ ಎಫ್ ಕನೆಕ್ಟರ್ ಒತ್ತಿ ಹಾಕುವುದೊಂದೇ ಸರಿ.

ಕನೆಕ್ಟರ್, ಮತ್ತು ನಮ್ಮ ಮಳೆ

ಪಿಎಲ್‌-259 ಕನೆಕ್ಟರ್‌ನಲ್ಲಿ ನಡುವಿನ ಪಿನ್ ಬೆಸುಗೆ ಎಲ್ಲರೂ ಚೆನ್ನಾಗಿ ಹಾಕುತ್ತಾರೆ. ಬ್ರೇಡ್‌ನ ಬೆಸುಗೆಯಲ್ಲೇ ಕೈ ಸೋಲುವುದು. ಕನೆಕ್ಟರ್‌ನ ಮೈ ದಪ್ಪ, ಬೇಗ ಬಿಸಿಯಾಗುವುದಿಲ್ಲ. 25 ವಾಟ್‌ನ ಸೋಲ್ಡರಿಂಗ್ ಐರನ್ ಸಾಲದು. 60ರಿಂದ 100 ವಾಟ್‌ನದು ಬೇಕು. ಸಾಲದ ಬಿಸಿಯಲ್ಲಿ ಬೆಸುಗೆ ಮೇಲೆ ಕೂತಿರುತ್ತದೆ, ಒಳಗೆ ಬ್ರೇಡ್ ಸಡಿಲವಾಗಿ ತಾಗಿಕೊಂಡಿರುತ್ತದೆ. ಕೇಬಲ್ ಅಲ್ಲಾಡಿಸುತ್ತಾ ಹೊರಗಿನ ರಿಸೀವರ್ ನೋಡಿ. ಸಿಗ್ನಲ್ ಹಾರಿ ಹಾರಿ ಬಿದ್ದರೆ ಕನೆಕ್ಟರ್ ಕತ್ತರಿಸಿ ಹೊಸದಾಗಿ ಹಾಕಿ. ಹೊರಗಿನ ತಿರುಗುವ ರಿಂಗ್ ಕೂಡ ಗಟ್ಟಿ ಕೂತಿರಬೇಕು. ಬ್ರೇಡ್ ಕಡೆಯ ಸಂಪರ್ಕ ಅದರ ಮೂಲಕವೇ ಹೋಗುವುದು. ಅದು ಸಡಿಲವಾಗಿದ್ದೂ ಪಿನ್ ತಾಗಿದ್ದರೆ ಎಸ್‌ಡಬ್ಲ್ಯುಆರ್ ಮೀಟರ್ ಸುಮ್ನೆ ಒಳ್ಳೆಯದನ್ನೇ ತೋರಿಸುತ್ತಿರುತ್ತದೆ.

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇನ್ನೊಂದು ಕಷ್ಟ ಇದೆ. ಜೂನ್‌ನಿಂದ ತಿಂಗಳುಗಟ್ಟಲೆ ಗಾಳಿಯಲ್ಲೇ ನೀರು. ಹೊರಗಿನಿಂದ ಬಂದ ಕೇಬಲ್‌ನಲ್ಲಿ ಒಂದು ಕಡೆ ತೇವ ಹೊಕ್ಕರೆ ಬ್ರೇಡ್ ಅದನ್ನು ಎಳೆಎಳೆಯಾಗಿ ಮುಂದಕ್ಕೆ ಹೀರಿಕೊಳ್ಳುತ್ತದೆ. ತಾಮ್ರ ಕಪ್ಪಾಗುತ್ತದೆ, ಆಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಆಗ ಎಳೆಗೂ ಎಳೆಗೂ ಸಂಪರ್ಕ ಇಲ್ಲ, ಬ್ರೇಡ್ ಇದ್ದೂ ಇಲ್ಲದ ಹಾಗೆ. ಹಳೆಯ ಆಂಟೆನಾ ಕೇಬಲ್‌ನ ಉಳಿದ ತುಂಡನ್ನು ಲೋಡ್‌ಗೆ ಬಳಸುವ ರೂಢಿ ನಮ್ಮಲ್ಲಿ ಜಾಸ್ತಿ. ಬಳಸುವ ಮುಂಚೆ ತುದಿಯಿಂದ ಒಂದು ಗೇಣು ಹೊದಿಕೆ ಸೀಳಿ ನೋಡಿ. ತಾಮ್ರ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ ಆ ಕೇಬಲನ್ನು ಈ ಕೆಲಸಕ್ಕೆ ಬಳಸಬೇಡಿ. ಉಜ್ಜಿ ಬೆಸುಗೆ ಹಾಕಿದರೂ ಒಳಗಿನದು ಸರಿಹೋಗುವುದಿಲ್ಲ.

ಲೋಡ್‌ನ ಡಬ್ಬ

ಇಷ್ಟೆಲ್ಲ ಸರಿ ಇದ್ದೂ ಸೋರುತ್ತಿದೆ ಅಂದರೆ ಈಗ ಲೋಡ್ ಬಿಚ್ಚಬಹುದು. ಮೊದಲು ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯಿರಿ. ಒಂದು ಕಿಲೋಓಮ್‌ನ 20 ಕಾರ್ಬನ್ ರೆಸಿಸ್ಟರ್‌ಗಳನ್ನು ಪ್ಯಾರಲಲ್ ಹಾಕಿ ಮಾಡಿದ ಲೋಡ್ 50 ತೋರಿಸಬೇಕು. 52.6 ಬಂದರೆ ಒಂದು ಸುಟ್ಟಿದೆ. 55.6 ಬಂದರೆ ಎರಡು. ಇದು ಸೋರಿಕೆಗೆ ನೇರ ಕಾರಣ ಅಲ್ಲ, ಆದರೆ ಬಿಚ್ಚಿದಾಗಲೇ ನೋಡಿಬಿಡುವುದು ಒಳ್ಳೆಯದು.

ಮುಖ್ಯ ಪ್ರಶ್ನೆ: ರೆಸಿಸ್ಟರ್ ಸುತ್ತ ಲೋಹದ ಡಬ್ಬ ಪೂರ್ತಿ ಮುಚ್ಚಿದೆಯೇ? ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಬರಿ ಹೀಟ್‌ಸಿಂಕ್ ಮೇಲೆ ಕೂತ ಲೋಡ್ ಎಷ್ಟೇ ನಿಖರವಾಗಿದ್ದರೂ ಸೋರುತ್ತದೆ. ಪೇಂಟ್ ಡಬ್ಬದಲ್ಲಿ ಎಣ್ಣೆ ತುಂಬಿ ಮಾಡುವ ಹಳೆಯ ವಿಧಾನ ಈಗಲೂ ಚೆನ್ನಾಗಿದೆ. ಅದರಲ್ಲಿ ತಪ್ಪಾಗುವುದು ಮುಚ್ಚಳದಲ್ಲಿ. ಡಬ್ಬದ ಅಂಚಿಗೂ ಮುಚ್ಚಳಕ್ಕೂ ನಡುವೆ ಬಣ್ಣವೋ ಲ್ಯಾಕರ್ ಪದರವೋ ಇರುತ್ತದೆ. ನೋಡಲು ಮುಚ್ಚಿದೆ, ಆರ್‌ಎಫ್‌ಗೆ ಅದು ಉದ್ದದ ಸೀಳು. ಸೀಳಿನ ಅಗಲ ಮುಖ್ಯವಲ್ಲ, ಉದ್ದ ಮುಖ್ಯ. ನಾಲ್ಕು ಲೀಟರ್ ಡಬ್ಬದ ಸುತ್ತಳತೆ ಸುಮಾರು ಅರ್ಧ ಮೀಟರ್. 2 ಮೀಟರ್ ಬ್ಯಾಂಡ್‌ಗೆ ಇದು ಸಣ್ಣ ಸೀಳಲ್ಲ. ಉಪ್ಪು ಕಾಗದದಿಂದ ಎರಡೂ ಅಂಚನ್ನು ಉಜ್ಜಿ ಲೋಹಕ್ಕೆ ಲೋಹ ತಾಗುವ ಹಾಗೆ ಮಾಡಿ. ಸುತ್ತ ಆರೆಂಟು ಕಡೆ ಸ್ಕ್ರೂ ಹಾಕಿ, ಅಥವಾ ತಾಮ್ರದ ಟೇಪ್ ಅಂಟಿಸಿ ಅಲ್ಲಲ್ಲಿ ಬೆಸುಗೆ ಹಾಕಿ. ಎಣ್ಣೆ ಬಿಸಿಯಾಗಿ ಉಬ್ಬಿದಾಗ ಗಾಳಿ ಹೋಗಲು ಬಿಟ್ಟ ಸಣ್ಣ ತೂತಿನಿಂದ ತೊಂದರೆ ಇಲ್ಲ. ಅದನ್ನು ಮಾತ್ರ ಮುಚ್ಚಬೇಡಿ.

ಎಣ್ಣೆಯ ಬಗ್ಗೆ ಒಂದು ಮಾತು. ಹಳೆಯ ಟ್ರಾನ್ಸ್‌ಫಾರ್ಮರ್‌ನಿಂದ ಇಳಿಸಿದ ಎಣ್ಣೆ ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಅದರಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರುವ ಸಾಧ್ಯತೆ ಇದೆ. ಹೊಸ ಮಿನರಲ್ ಆಯಿಲ್ ಬಳಸಿ.

ಬಲ್ಬನ್ನು ಲೋಡ್ ಆಗಿ ಬಳಸುವವರಿಗೂ ಹೇಳಬೇಕು. 230 ವೋಲ್ಟ್‌ನ 60 ವಾಟ್ ಬಲ್ಬ್ ಪೂರ್ತಿ ಬೆಳಗಿದಾಗ ಸುಮಾರು 880 ಓಮ್. ತಣ್ಣಗಿದ್ದಾಗ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. 50ಕ್ಕೆ ಹೊಂದುವುದೇ ಇಲ್ಲ. ಸುತ್ತ ಇರುವುದು ಗಾಜು, ಮರೆ ಏನೂ ಇಲ್ಲ. ಬಲ್ಬ್ ಹಾಕಿಕೊಂಡೇ ದೂರದವರ ಜೊತೆ ಮಾತಾಡಿದ ಹ್ಯಾಮ್‌ಗಳಿದ್ದಾರೆ. ಪವರ್ ಬರುತ್ತಿದೆಯೇ ಎಂದು ನೋಡಲು ಒಂದು ಕ್ಷಣಕ್ಕೆ ಸರಿ, ಡಮ್ಮಿ ಲೋಡ್ ಅಂತ ಕರೆಯಬೇಡಿ.

ರೇಡಿಯೋ ಮತ್ತು ಅರ್ಥ್ ತಂತಿ

ಟರ್ಮಿನೇಟರ್ ಹಾಕಿದಾಗಲೇ ಸ್ಟೇಷನ್ ಕೇಳಿಸುತ್ತಿತ್ತು ಅಂದರೆ ರೇಡಿಯೋದ ಕವಚ ನೋಡಿ. ರಿಪೇರಿಗೆ ಬಿಚ್ಚಿದ ಮೇಲೆ ಎಲ್ಲ ಸ್ಕ್ರೂ ವಾಪಸ್ ಹಾಕಿರುವುದಿಲ್ಲ. ಕವಚ ತೆಗೆದಿಟ್ಟು ಪರೀಕ್ಷೆ ಮಾಡಿದರಂತೂ ಸೋರುವುದು ಸಹಜ. ಪವರ್ ತಂತಿ, ಮೈಕ್ ತಂತಿ, ಕಂಪ್ಯೂಟರ್‌ಗೆ ಹೋಗುವ ಯುಎಸ್‌ಬಿ ತಂತಿ ಒಂದೊಂದಕ್ಕೂ ಫೆರೈಟ್ ಹಾಕಿ ನೋಡಿ. ಯಾವುದಕ್ಕೆ ಹಾಕಿದಾಗ ಸಿಗ್ನಲ್ ಇಳಿಯಿತೋ ಅದೇ ದಾರಿ. ಪ್ಲಾಸ್ಟಿಕ್ ಮೈಯ ಎಸ್‌ಡಬ್ಲ್ಯುಆರ್ ಮೀಟರ್ ಇದ್ದರೆ ಅದನ್ನೂ ತೆಗೆದು ನೋಡಿ.

ಅರ್ಥ್ ಚೆನ್ನಾಗಿ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂದು ಹಲವರು ಹೇಳುತ್ತಾರೆ. ಕರೆಂಟ್ ಶಾಕ್‌ನಿಂದ ಕಾಪಾಡಲು ಅರ್ಥ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರ್‌ಎಫ್‌ಗೆ ಉದ್ದದ ಅರ್ಥ್ ತಂತಿ ಇನ್ನೊಂದು ಆಂಟೆನಾ. ಮಹಡಿಯ ರೂಮಿನಿಂದ ಸುತ್ತಿ ಬಳಸಿ ಅಂಗಳದ ಅರ್ಥ್ ಗುಂಡಿಗೆ ಹತ್ತೂವರೆ ಮೀಟರ್ ತಂತಿ ಎಳೆದಿರಿ ಅನ್ನಿ. 7.1 ಮೆಗಾಹರ್ಟ್ಸ್‌ಗೆ ಅದು ಕಾಲು ತರಂಗ. ಕೆಳಗಿನ ತುದಿ ನೆಲಕ್ಕೆ ಸೇರಿದ್ದರೂ ಮೇಲಿನ ತುದಿ ಆರ್‌ಎಫ್‌ಗೆ ನೆಲದಿಂದ ಕಡಿದುಹೋದ ಹಾಗೆ ಇರುತ್ತದೆ. ಗುಂಡಿಗೆ ಇನ್ನಷ್ಟು ಉಪ್ಪು, ಇದ್ದಿಲು ಹಾಕಿದರೂ ಇದು ಬದಲಾಗುವುದಿಲ್ಲ. ಬದಲಾಗಬೇಕಾದದ್ದು ತಂತಿಯ ಉದ್ದ. ಅದು ಆಗದಿದ್ದರೆ ಆ ತಂತಿಯನ್ನೂ ರೇಡಿಯೋ ಪಕ್ಕದಲ್ಲಿ ಫೆರೈಟ್ ಉಂಗುರಕ್ಕೆ ಸುತ್ತಿ. ಆದರೆ ಅರ್ಥ್ ಬಿಚ್ಚಿಟ್ಟು ಪರೀಕ್ಷೆ ಮಾಡಬೇಡಿ.

ಸರಿಹೋಯಿತೇ ಎಂದು ನೋಡುವುದು

ದುರಸ್ತಿ ಆದ ಮೇಲೆ ಅದೇ ರಿಸೀವರ್, ಅದೇ ಜಾಗ, ಅದೇ ಪವರ್, ಅದೇ ಫ್ರೀಕ್ವೆನ್ಸಿ. ಇದರಲ್ಲಿ ಒಂದು ಬದಲಾದರೂ ಮೊದಲಿನ ಅಂಕಿಗೂ ಈಗಿನದಕ್ಕೂ ಹೋಲಿಕೆ ಮಾಡಲಾಗದು. ರಿಸೀವರ್ ಹಿಡಿದವರು ನಿಂತ ಭಂಗಿ ಕೂಡ ವಿಎಚ್‌ಎಫ್‌ನಲ್ಲಿ ವ್ಯತ್ಯಾಸ ಮಾಡುತ್ತದೆ. ಹ್ಯಾಂಡಿಯನ್ನು ಕೈಯಲ್ಲಿ ಹಿಡಿಯದೆ ಒಂದು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಇಟ್ಟು ದೂರ ಸರಿದು ನೋಡಿ.

ಎಚ್‌ಎಫ್ ಸೆಟ್‌ನಲ್ಲಿ ಒಂದು ಎಸ್ ಯೂನಿಟ್ ಎಂದರೆ ಲೆಕ್ಕದಲ್ಲಿ 6 ಡೆಸಿಬೆಲ್. ಮೂರು ಯೂನಿಟ್ ಇಳಿದರೆ ಸೋರುವ ಪವರ್ ಅರವತ್ತರಲ್ಲೊಂದು ಪಾಲಿಗೆ ಬಂತು ಎಂದು ಅರ್ಥ. ಒಂದೇ ಯೂನಿಟ್ ಇಳಿದಿದ್ದರೆ ಇನ್ನೊಂದು ದಾರಿ ಬಾಕಿ ಇದೆ. ಎರಡು ಕಡೆ ಸೋರುತ್ತಿದ್ದಾಗ ಒಂದನ್ನು ಮಾತ್ರ ಮುಚ್ಚಿದರೆ ಮೀಟರ್ ಹೆಚ್ಚು ಇಳಿಯುವುದಿಲ್ಲ. ಅದನ್ನು ನೋಡಿ ಮಾಡಿದ ದುರಸ್ತಿ ತಪ್ಪು ಎಂದುಕೊಂಡು ವಾಪಸ್ ಬಿಚ್ಚಬೇಡಿ. ಅದು ಹಾಗೇ ಇರಲಿ, ಮುಂದಿನ ತುಂಡಿಗೆ ಹೋಗಿ.

ಕೊನೆಗೆ ಸಿಕ್ಕ ಅಂಕಿಯನ್ನು ಫ್ರೀಕ್ವೆನ್ಸಿ, ಪವರ್, ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಲೋಡ್ ಮೇಲೆಯೇ ಅಂಟಿಸಿ. ಪ್ರತಿ ವರ್ಷ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರ್‌ಗೋ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಅಂಕಿ ಏರಿದ್ದರೆ ಮೊದಲು ಕನೆಕ್ಟರ್‌ಗಳನ್ನು ಬಿಚ್ಚಿ ಕಿಲುಬು ನೋಡಿ.